ಶಸ್ತ್ರಕ್ರಿಯೆಯ ಯಶಸ್ಸನ್ನು ಮೂವತ್ತನೆಯ ದಿನ ಹೇಳೋಣ

ನಮ್ಮ ಭಾಗದಲ್ಲಿ ಶಸ್ತ್ರಕ್ರಿಯೆಯ ಬಗೆಗಿದ್ದ ಹಳೆಯ ಭೀತಿ ಕಳೆದ ಎರಡು ತಲೆಮಾರುಗಳಲ್ಲಿ ಬಹುಮಟ್ಟಿಗೆ ಅಳಿದಿರುವುದು ಸಂತೋಷದ ಸಂಗತಿ. ಒಂದು ಕಾಲಕ್ಕೆ “ಹೊಟ್ಟೆ ಕೊಯ್ಯುತ್ತಾರಂತೆ” ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮನೆಮಂದಿ ರೋಗಿಯ ಆಸೆಯನ್ನೇ ಬಿಟ್ಟುಬಿಡುತ್ತಿದ್ದರು. ಇಂದು ಬ್ರೂಸ್‌ಪೇಟೆಯ ವರ್ತಕರಾಗಲಿ, ಸಿರುಗುಪ್ಪದ ಭತ್ತದ ಬೆಳೆಗಾರರಾಗಲಿ, ಕುರುಗೋಡಿನ ರೈತರಾಗಲಿ, ನಿವೃತ್ತಿ ಹೊಂದಿದ ಶಿಕ್ಷಕರಾಗಲಿ ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶದ ಗಡ್ಡೆ, ಪ್ರೋಸ್ಟೇಟ್ ಗ್ರಂಥಿ, ಮೊಣಕಾಲಿನ ಕೀಲು ಮುಂತಾದವುಗಳಿಗಾಗಿ ಧೈರ್ಯದಿಂದಲೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದದ್ದು, ಅದಕ್ಕೆ ಸೇರಿದ, ಜನರ ಬಾಯಲ್ಲಿ ‘ವಿಮ್ಸ್’ ಎಂದೇ ನಿಂತಿರುವ ದೊಡ್ಡಾಸ್ಪತ್ರೆಯು ಬೆಳೆದದ್ದು, ಅನಂತರ ಖಾಸಗಿ ಆಸ್ಪತ್ರೆಗಳು ಬೀದಿಬೀದಿಗೂ ತಲೆಯೆತ್ತಿದ್ದು, ಇವೆಲ್ಲವೂ ಈ ಧೈರ್ಯಕ್ಕೆ ಕಾರಣವಾಗಿವೆ.

ಆದರೆ ಭೀತಿಯು ಹೋದ ಸ್ಥಳದಲ್ಲಿ ಎಚ್ಚರವು ಬಂದು ನೆಲಸಬೇಕಾಗಿತ್ತು. ಅಲ್ಲಿ ಒಂದು ಬಗೆಯ ನಿಶ್ಚಿಂತೆ ಬಂದು ಕುಳಿತಿದೆಯೆಂಬುದು ಪ್ರಸ್ತುತ ಲೇಖನದ ಕಳವಳ. ಶಸ್ತ್ರಕ್ರಿಯೆಯ ಕೋಣೆಯಿಂದ ರೋಗಿ ಜೀವಸಹಿತನಾಗಿ ಹೊರಬಂದನೆಂದರೆ ಗಂಡಾಂತರವೆಲ್ಲ ಕಳೆಯಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಗಂಡಾಂತರದ ಬಹುಭಾಗವು ಆಗ ಪ್ರಾರಂಭವಾಗುತ್ತದೆ. ಹೃದಯಕ್ಕೆ ಸಂಬಂಧಿಸದ ಶಸ್ತ್ರಕ್ರಿಯೆಯ ತರುವಾಯ ಹೃದಯಾಘಾತವೋ ಪಾರ್ಶ್ವವಾಯುವೋ ಸಂಭವಿಸಬಹುದೆಂಬ ವಿಷಯ ನಮ್ಮ ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದು. “ಹೊಟ್ಟೆಯ ಆಪರೇಷನ್ನಿಗೂ ಎದೆಗೂ ಏನು ಸಂಬಂಧ?” ಎಂದು ಕೇಳುವವರೇ ಹೆಚ್ಚು. ಆ ಸಂಬಂಧವನ್ನು ವಿವರಿಸುವುದೂ, ಅದರಿಂದ ನಮ್ಮ ಮನೆಗಳಿಗೂ ನಮ್ಮ ದಾನಧರ್ಮಗಳಿಗೂ ಒದಗುವ ಕರ್ತವ್ಯವನ್ನು ಸೂಚಿಸುವುದೂ ಈ ಬರಹದ ಉದ್ದೇಶ.

ಮರಣವು ಯಾವಾಗ ಬರುತ್ತದೆ?

ಈ ಪ್ರಶ್ನೆಗೆ ಊಹೆಯ ಉತ್ತರವನ್ನು ಕೊಡಬೇಕಾದ ಅಗತ್ಯವಿಲ್ಲ. ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ವೈದ್ಯರ ನೇತೃತ್ವದಲ್ಲಿ ೨೦೦೭ರಿಂದ ೨೦೧೩ರವರೆಗೆ ‘ವಿಷನ್’ ಎಂಬ ಹೆಸರಿನ ಬೃಹತ್ ಅಧ್ಯಯನವೊಂದು ನಡೆಯಿತು. ಹದಿನಾಲ್ಕು ದೇಶಗಳ ೨೮ ಆಸ್ಪತ್ರೆಗಳಲ್ಲಿ, ನಲವತ್ತೈದು ವರ್ಷ ತುಂಬಿದ, ಹೃದಯೇತರ ಶಸ್ತ್ರಕ್ರಿಯೆಗೆ ಒಳಗಾಗಿ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿ ಉಳಿದ ೪೦,೦೦೪ ಮಂದಿಯನ್ನು ಮೂವತ್ತು ದಿನಗಳ ಕಾಲ ಗಮನಿಸಲಾಯಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತಾದ ಕಾರಣ ಇದನ್ನು ಕೇವಲ ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ.

೨೦೧೯ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ. ಮೂವತ್ತು ದಿನಗಳೊಳಗೆ ತೀರಿಕೊಂಡವರು ೭೧೫ ಮಂದಿ, ಎಂದರೆ ನೂರಕ್ಕೆ ೧.೮. ಇವರಲ್ಲಿ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಪ್ರಾಣ ಬಿಟ್ಟವರು ಕೇವಲ ೫ ಮಂದಿ. ಶಸ್ತ್ರಕ್ರಿಯೆ ಮುಗಿದ ಮೇಲೆ ಆಸ್ಪತ್ರೆಯಲ್ಲಿಯೇ ತೀರಿಕೊಂಡವರು ೫೦೦ ಮಂದಿ. ಬಿಡುಗಡೆ ಹೊಂದಿ ಹೋದ ಬಳಿಕ ತೀರಿಕೊಂಡವರು ೨೧೦ ಮಂದಿ. ನಾವು ಯಾವ ಎರಡು ಮೂರು ಗಂಟೆಗಳ ಕಾಲ ಉಸಿರು ಬಿಗಿಹಿಡಿದು ಹರಕೆ ಹೊತ್ತು ನಿಲ್ಲುತ್ತೇವೆಯೋ ಆ ಗಂಟೆಗಳಲ್ಲಿ ಮರಣವು ಅತ್ಯಂತ ವಿರಳ. ನಾವು ನಿಟ್ಟುಸಿರು ಬಿಟ್ಟು ಮನೆಗೆ ಊಟಕ್ಕೆ ಹೋಗುವ ದಿನಗಳಲ್ಲಿಯೇ ಅದು ಬರುತ್ತದೆ. ಅರಿವಳಿಕೆ ಶಾಸ್ತ್ರವು ಮುಂದುವರಿದು ಶಸ್ತ್ರಕ್ರಿಯೆಯ ಕೋಣೆಯನ್ನು ಸುರಕ್ಷಿತ ಸ್ಥಳವನ್ನಾಗಿ ಮಾಡಿದೆ. ಮುಂದಿನ ಕೊಠಡಿಗಳು ಅಷ್ಟು ಸುರಕ್ಷಿತವಾಗಿಲ್ಲ. ಈ ಮರಣಗಳ ಹಿಂದೆ ಮುಖ್ಯವಾಗಿ ಕಂಡುಬಂದವು ಮೂರು: ಹೆಚ್ಚಿನ ರಕ್ತಸ್ರಾವ, ಹೃದಯದ ಸ್ನಾಯುವಿಗೆ ಆದ ಹಾನಿ, ಮತ್ತು ನಂಜು.

ನಮ್ಮ ನಾಡಿನ ಭಕ್ತಜನರಿಗೆಲ್ಲ ತಿಳಿದ ಒಂದು ಪ್ರಸಂಗವನ್ನು ಇಲ್ಲಿ ಗೌರವಪೂರ್ವಕವಾಗಿ ಸ್ಮರಿಸಬಹುದು. ತುಮಕೂರಿನ ಸಿದ್ಧಗಂಗಾ ಮಠದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ತಮ್ಮ ನೂರ ಹನ್ನೊಂದನೆಯ ವಯಸ್ಸಿನಲ್ಲಿ, ೨೦೧೮ರ ಡಿಸೆಂಬರ್ ತಿಂಗಳಲ್ಲಿ, ಚೆನ್ನೈ ನಗರದಲ್ಲಿ ಪಿತ್ತನಾಳದ ತೊಂದರೆಗಾಗಿ ಶಸ್ತ್ರಕ್ರಿಯೆಗೆ ಒಳಗಾದರು. ಅದು ಸಾಂಗವಾಗಿ ನೆರವೇರಿತು. ಶ್ರೀಗಳವರು ತುಮಕೂರಿಗೆ ಮರಳಿದರು. ಅನಂತರ ಶ್ವಾಸಕೋಶದ ಸೋಂಕು ಉಲ್ಬಣಿಸಿ ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದರು. ಅಲ್ಲಿ ತೊಡಕಾದುದು ಶ್ವಾಸಕೋಶವೇ ಹೊರತು ಹೃದಯಾಘಾತವಲ್ಲ. ಆದರೂ ಕುಶಲರಾದ ವೈದ್ಯರು ಅತ್ಯಂತ ವೃದ್ಧ ಶರೀರದ ಮೇಲೂ ಶಸ್ತ್ರಕ್ರಿಯೆಯನ್ನು ಯಶಸ್ವಿಯಾಗಿ ನಡೆಸಬಲ್ಲರು, ಕಠಿಣವಾದ ಪರೀಕ್ಷೆ ಮುಂದಿನ ವಾರಗಳಲ್ಲಿರುತ್ತದೆ ಎಂಬುದನ್ನು ಆ ದಿನಗಳು ನಾಡಿಗೆಲ್ಲ ಕಾಣಿಸಿದವು. ಹಾಗೆಯೇ ೨೦೨೪ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯ ತರುವಾಯ ಬಾಣಂತಿಯರು ತೀರಿಕೊಂಡ ದುಃಖದ ಸಂಗತಿಯನ್ನು ಯಾರೂ ಮರೆತಿಲ್ಲ. ಅಲ್ಲಿ ಸಂದೇಹಕ್ಕೆ ಒಳಗಾದುದು ರಕ್ತನಾಳಕ್ಕೆ ಏರಿಸಿದ ದ್ರಾವಣ; ಕಾರಣ ಬೇರೆ, ರೋಗಿಗಳ ವಯಸ್ಸೂ ಬೇರೆ. ಆದರೆ ಆಪತ್ತು ಒದಗಿದ ಹೊತ್ತು ಮಾತ್ರ ಅದೇ: ಶಸ್ತ್ರಕ್ರಿಯೆ ಮುಗಿದ ಮೇಲೆ.

ಕಾಲುವೆಯ ಕೊನೆಯ ಹೊಲ

ಹೊಟ್ಟೆಯನ್ನು ಕೊಯ್ದರೆ ಹೃದಯಕ್ಕೆ ಏಕೆ ಪೆಟ್ಟು ಬೀಳಬೇಕು? ಶರೀರದ ದೃಷ್ಟಿಯಿಂದ ಶಸ್ತ್ರಕ್ರಿಯೆಯೆಂಬುದು ಒಂದು ದೊಡ್ಡ ಗಾಯ. ವೈದ್ಯನ ಹಿತದ ಉದ್ದೇಶವು ಶರೀರಕ್ಕೆ ತಿಳಿಯದು. ಗಾಯವಾದೊಡನೆ ಅದು ತನ್ನ ಪುರಾತನ ರಕ್ಷಣೋಪಾಯಗಳನ್ನೆಲ್ಲ ಹೂಡುತ್ತದೆ. ರಕ್ತವು ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಅಡ್ರಿನಲಿನ್ ಮೊದಲಾದ ಸ್ರಾವಗಳು ಹರಿದು ನಾಡಿ ವೇಗವಾಗಿ ಬಡಿಯುತ್ತದೆ. ಒಂದು ಕಡೆ ರಕ್ತನಷ್ಟದಿಂದ ರಕ್ತದ ಸತ್ತ್ವ ಕುಗ್ಗುತ್ತದೆ; ಇನ್ನೊಂದು ಕಡೆ ಅರಿವಳಿಕೆಯಿಂದಲೂ ನೋವಿನ ಔಷಧಗಳಿಂದಲೂ ರಕ್ತದೊತ್ತಡ ಇಳಿಯುತ್ತದೆ. ಉಸಿರಾಟವು ಮೇಲುಮೇಲಾಗಿ ಪ್ರಾಣವಾಯುವಿನ ಕೊರತೆಯೂ ತಲೆದೋರಬಹುದು.

ತುಂಗಭದ್ರೆಯ ಕಾಲುವೆಯನ್ನು ನಂಬಿದ ನಮ್ಮ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆ ತುಂಬಿ ಹರಿಯುವಾಗ ಹೂಳು ತುಂಬಿದ ಕಿರುಗಾಲುವೆಯಲ್ಲಿಯೂ ಅಷ್ಟೋ ಇಷ್ಟೋ ನೀರು ಸಾಗಿ ಕೊನೆಯ ಹೊಲ ಹೇಗೋ ಹಸಿರಾಗಿರುತ್ತದೆ. ನೀರಿನ ಮಟ್ಟ ಎರಡು ಅಡಿ ಇಳಿದು, ಅದೇ ಹೊತ್ತಿಗೆ ಬಿಸಿಲೂ ಏರಿತೆಂದರೆ ಮೊದಲು ಒಣಗುವುದು ಆ ಕೊನೆಯ ಹೊಲವೇ. ಮಧುಮೇಹ, ರಕ್ತದೊತ್ತಡ, ಹೊಗೆಸೊಪ್ಪು, ವಯಸ್ಸು ಇವುಗಳಿಂದ ಹೃದಯದ ರಕ್ತನಾಳಗಳು ಮೊದಲೇ ಕಿರಿದಾಗಿರುವವರಲ್ಲಿ ನಡೆಯುವುದೂ ಇದೇ. ಬೇಡಿಕೆ ಹೆಚ್ಚಿದಾಗ ಪೂರೈಕೆ ತಗ್ಗುತ್ತದೆ. ಕೆಲವರಲ್ಲಿ ನಾಳದೊಳಗಿನ ಕೊಬ್ಬಿನ ಪೊರೆ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗುವುದೂ ಉಂಟು.

ಈ ಆಘಾತದ ಅತ್ಯಂತ ಭಯಂಕರ ಲಕ್ಷಣವೆಂದರೆ ಅದರ ಮೌನ. ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಬೆವರುವ ಚಿತ್ರ ನಮ್ಮ ಕಣ್ಣ ಮುಂದಿದೆ. ಆದರೆ ಶಸ್ತ್ರಕ್ರಿಯೆಯಾದವನಿಗೆ ನೋವು ತಿಳಿಯದಂತೆ ಔಷಧ ಕೊಡಲಾಗಿರುತ್ತದೆ. ಮಂಪರು ಇರುತ್ತದೆ. ತುಸು ಆಯಾಸವಾದರೂ, ಉಸಿರು ಕಟ್ಟಿದಂತಾದರೂ “ಆಪರೇಷನ್ ಆದ ಮೇಲೆ ಇಷ್ಟು ಇರುವುದೇ” ಎಂದು ರೋಗಿಯೂ ಹೇಳುತ್ತಾನೆ, ಪಕ್ಕದವರೂ ಹೇಳುತ್ತಾರೆ. ೨೦೧೪ರಲ್ಲಿ ವಿಷನ್ ಅಧ್ಯಯನದ ಮೊದಲ ಹದಿನೈದು ಸಾವಿರ ರೋಗಿಗಳ ರಕ್ತವನ್ನು ‘ಟ್ರೊಪೊನಿನ್’ ಎಂಬ ವಸ್ತುವಿಗಾಗಿ ಪರೀಕ್ಷಿಸಿದ ವಿವರ ಪ್ರಕಟವಾಯಿತು. ಹೃದಯದ ಸ್ನಾಯು ಗಾಸಿಗೊಂಡರೆ ಅದರಿಂದ ರಕ್ತಕ್ಕೆ ಸೋರುವ ಪ್ರೋಟೀನಿದು. ನೂರಕ್ಕೆ ಎಂಟು ಮಂದಿಯಲ್ಲಿ ಹೃದಯಕ್ಕೆ ಹಾನಿಯಾಗಿತ್ತು. ಹಾಗೆ ಹಾನಿಯಾದವರಲ್ಲಿ ನೂರಕ್ಕೆ ಎಂಬತ್ತನಾಲ್ಕು ಮಂದಿಗೆ ಎದೆನೋವು ಮೊದಲಾದ ಯಾವ ಸೂಚನೆಯೂ ಇರಲಿಲ್ಲ. ಹಾನಿಯಿಲ್ಲದವರಲ್ಲಿ ಮೂವತ್ತು ದಿನಗಳೊಳಗಿನ ಮರಣ ನೂರಕ್ಕೆ ೧.೧, ಹಾನಿಯಾದವರಲ್ಲಿ ನೂರಕ್ಕೆ ೯.೮. ರಕ್ತವನ್ನು ಪರೀಕ್ಷಿಸದೆ ಇದ್ದಿದ್ದರೆ ಈ ಜನರಲ್ಲಿ ಬಹುಪಾಲು “ಚೆನ್ನಾಗಿದ್ದರು, ಇದ್ದಕ್ಕಿದ್ದಂತೆ ಹೋಗಿಬಿಟ್ಟರು” ಎಂಬ ನಮ್ಮ ಪರಿಚಿತ ಮಾತಿನ ಲೆಕ್ಕಕ್ಕೆ ಸೇರಿಬಿಡುತ್ತಿದ್ದರು.

“ಮೊದಲಿನಂತಿಲ್ಲ” ಎಂಬ ಮಾತು

ಪಾರ್ಶ್ವವಾಯುವಿನ ವಿಷಯವೂ ಇಂಥದೇ. ಮುಖ ಸೊಟ್ಟಾಗಿ, ಕೈಕಾಲು ಬಿದ್ದು, ನಮ್ಮ ಜನ ‘ಲಕ್ವ ಹೊಡೆಯಿತು’ ಎನ್ನುವಂಥ ಪ್ರಕಟವಾದ ಆಘಾತವು ಹೃದಯೇತರ ಶಸ್ತ್ರಕ್ರಿಯೆಗಳ ಬಳಿಕ ನೂರರಲ್ಲಿ ಒಬ್ಬರಿಗೂ ಕಡಿಮೆ. ಆದರೆ ಪ್ರಕಟವಾಗದ ಆಘಾತಗಳ ಲೆಕ್ಕವೇ ಬೇರೆ. ೨೦೧೯ರಲ್ಲಿಯೇ ಪ್ರಕಟವಾದ ‘ನ್ಯೂರೋವಿಷನ್’ ಎಂಬ ಅಧ್ಯಯನದಲ್ಲಿ ಅರವತ್ತೈದು ದಾಟಿದ ೧,೧೧೪ ಮಂದಿಗೆ ಶಸ್ತ್ರಕ್ರಿಯೆಯ ತರುವಾಯ ಎಂ.ಆರ್.ಐ. ಯಂತ್ರದಿಂದ ಮಿದುಳಿನ ಚಿತ್ರ ತೆಗೆಯಲಾಯಿತು. ನೂರಕ್ಕೆ ಏಳು ಮಂದಿಯ ಮಿದುಳಿನಲ್ಲಿ, ಅವರಿಗೂ ಅವರ ವೈದ್ಯರಿಗೂ ಅರಿವಿಲ್ಲದಂತೆ, ಪಾರ್ಶ್ವವಾಯುವಿನ ಹೊಸ ಕಲೆಗಳು ಕಂಡುಬಂದವು. ಒಂದು ವರ್ಷದ ಅನಂತರ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಅಂಥವರಲ್ಲಿ ನೂರಕ್ಕೆ ೪೨, ಉಳಿದವರಲ್ಲಿ ೨೯.

ನಮ್ಮ ಮನೆಗಳಲ್ಲಿ “ಅಜ್ಜ ಆಪರೇಷನ್ ಆದಾಗಿನಿಂದ ಮೊದಲಿನಂತಿಲ್ಲ; ಹೆಸರು ಮರೆಯುತ್ತಾರೆ, ಲೆಕ್ಕ ತಪ್ಪುತ್ತಾರೆ” ಎಂಬ ಮಾತನ್ನು ಕೇಳಿದ್ದೇವೆ. ಅದನ್ನು ವೃದ್ಧಾಪ್ಯದ ಮರೆವೆಂದು ಸುಮ್ಮನಾಗುತ್ತೇವೆ. ಎಲ್ಲ ಮರೆವಿಗೂ ಇದೇ ಕಾರಣವೆಂದು ಹೇಳುವಂತಿಲ್ಲ. ಆದರೆ ಆ ಮಾತಿನಲ್ಲಿ ಮನೆಯವರ ಸೂಕ್ಷ್ಮ ಗ್ರಹಿಕೆ ಇರಬಹುದೆಂಬುದನ್ನು ವಿಜ್ಞಾನ ಈಗ ಒಪ್ಪುತ್ತಿದೆ. ಶಸ್ತ್ರಕ್ರಿಯೆಯ ಬಳಿಕ ಕೆಲವರಲ್ಲಿ ಹೃದಯದ ಬಡಿತ ಲಯ ತಪ್ಪುವುದುಂಟು. ಅಂಥವರಲ್ಲಿ ಮುಂದೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ನಾಲ್ಕು ದಿನದಲ್ಲಿ ಸರಿಹೋಯಿತೆಂದು ಅದನ್ನು ಮರೆಯದೆ ವೈದ್ಯರಲ್ಲಿ ಮತ್ತೆ ತೋರಿಸಬೇಕು. ಹಿಂದೆ ಪಾರ್ಶ್ವವಾಯು ಬಡಿದವರ ವಿಷಯದಲ್ಲಿ ಡೆನ್ಮಾರ್ಕ್ ದೇಶದ ದಾಖಲೆಗಳನ್ನೆಲ್ಲ ಪರಿಶೀಲಿಸಿ ೨೦೧೪ರಲ್ಲಿ ಕಂಡುಕೊಂಡದ್ದೆಂದರೆ, ಪೆಟ್ಟು ಬಿದ್ದ ಮೊದಲ ಮೂರು ತಿಂಗಳುಗಳಲ್ಲಿ ಬೇರೆ ಶಸ್ತ್ರಕ್ರಿಯೆ ಮಾಡಿಸಿದರೆ ಅಪಾಯವು ಅತ್ಯಧಿಕ. ಸುಮಾರು ಒಂಬತ್ತು ತಿಂಗಳು ಕಳೆದ ಮೇಲೆ ಅದು ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ತಡೆದರೆ ಕೆಡದಂಥ ಶಸ್ತ್ರಕ್ರಿಯೆಯನ್ನು ತಡೆಯುವುದೇ ಅಲ್ಲಿ ಜಾಣತನ.

ಒಂದು ಮಾತ್ರೆ ಕಲಿಸಿದ ಪಾಠ

ಹೃದಯಕ್ಕೆ ಅಪಾಯವಿದೆಯೆಂದು ತಿಳಿದೊಡನೆ “ಮುಂಜಾಗ್ರತೆಗೆ ಒಂದು ಮಾತ್ರೆ ಕೊಟ್ಟುಬಿಡಿ” ಎನ್ನುವ ಆತುರ ಸಹಜ. ವೈದ್ಯಲೋಕವೂ ಒಂದು ಕಾಲಕ್ಕೆ ಇದೇ ಆತುರದಲ್ಲಿತ್ತು. ನಾಡಿಯ ವೇಗವನ್ನು ತಗ್ಗಿಸುವ ಮೆಟೊಪ್ರೊಲಾಲ್ ಎಂಬ ಔಷಧವನ್ನು ಶಸ್ತ್ರಕ್ರಿಯೆಯ ದಿನ ಹೊಸದಾಗಿ ಆರಂಭಿಸಿದರೆ ಹೃದಯಾಘಾತ ತಪ್ಪೀತೆಂದು ನಂಬಲಾಗಿತ್ತು. ೨೦೦೮ರಲ್ಲಿ ಪ್ರಕಟವಾದ ‘ಪಾಯ್ಸ್’ ಎಂಬ ಪ್ರಯೋಗವು ೨೩ ದೇಶಗಳ ೮,೩೫೧ ರೋಗಿಗಳಲ್ಲಿ ಇದನ್ನು ಒರೆಗೆ ಹಚ್ಚಿತು. ಹೃದಯಾಘಾತವು ನೂರಕ್ಕೆ ೫.೭ರಿಂದ ೪.೨ಕ್ಕೆ ಇಳಿದದ್ದು ನಿಜ. ಆದರೆ ಪಾರ್ಶ್ವವಾಯು ೦.೫ರಿಂದ ೧.೦ಕ್ಕೆ ಏರಿತು, ಒಟ್ಟು ಮರಣವೂ ೨.೩ರಿಂದ ೩.೧ಕ್ಕೆ ಏರಿತು. ಹೃದಯವನ್ನು ಕಾಯಲು ಹೋಗಿ ಮಿದುಳನ್ನೂ ಪ್ರಾಣವನ್ನೂ ಕಳೆದುಕೊಂಡಂತಾಯಿತು. ೨೦೧೪ರಲ್ಲಿ ಹತ್ತು ಸಾವಿರ ರೋಗಿಗಳಲ್ಲಿ ಆಸ್ಪಿರಿನ್ ಮಾತ್ರೆಯನ್ನು ಹೀಗೆಯೇ ಪರೀಕ್ಷಿಸಿದಾಗ ಹೃದಯಾಘಾತವಾಗಲಿ ಮರಣವಾಗಲಿ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು.

ಇದರಿಂದ ಗೃಹಸ್ಥರು ಕಲಿಯಬೇಕಾದ ಪಾಠ ಎರಡು. ಪಕ್ಕದ ಮನೆಯವರ ಸಲಹೆಯಿಂದಾಗಲಿ ಔಷಧದಂಗಡಿಯವನ ಮಾತಿನಿಂದಾಗಲಿ ಶಸ್ತ್ರಕ್ರಿಯೆಗೆ ಮುನ್ನ ಯಾವ ಮಾತ್ರೆಯನ್ನೂ ಹೊಸದಾಗಿ ಆರಂಭಿಸಬಾರದು. ಅಷ್ಟೇ ಮುಖ್ಯವಾಗಿ, ಬಹುದಿನದಿಂದ ಸೇವಿಸುತ್ತಿರುವ ರಕ್ತದೊತ್ತಡದ, ಕೊಲೆಸ್ಟರಾಲಿನ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕೆಲವೇ ತಿಂಗಳಾದವರಿಗೆ ಈ ಮಾತು ಜೀವನ್ಮರಣದ ಪ್ರಶ್ನೆ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು, ಯಾವುದನ್ನು ಆ ದಿನದ ಬೆಳಿಗ್ಗೆಯೂ ಗುಟುಕು ನೀರಿನೊಡನೆ ನುಂಗಬೇಕು ಎಂಬುದನ್ನು ಒಂದು ಚೀಟಿಯ ಮೇಲೆ ಬರೆಸಿಕೊಂಡೇ ಮನೆಗೆ ಬರಬೇಕು.

ಮೊದಲು ಹೇಳಬೇಕಾದ ಸತ್ಯ

ರೋಗಿಯು ವೈದ್ಯನಿಂದ ಸಂಗತಿಯನ್ನು ಮರೆಮಾಚುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ. “ಶುಗರ್ ಇದೆಯೆಂದರೆ ಆಪರೇಷನ್ ಮುಂದೂಡುತ್ತಾರೆ”, “ಹಿಂದೆ ಎದೆನೋವು ಬಂದದ್ದನ್ನು ಹೇಳಿದರೆ ಬೆಂಗಳೂರಿಗೆ ಕಳಿಸುತ್ತಾರೆ” ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ. ೧೯೯೯ರಿಂದ ಜಗತ್ತಿನ ಬಹುತೇಕ ವೈದ್ಯರು ಬಳಸುತ್ತಿರುವ ಅಪಾಯದ ಸೂಚ್ಯಂಕವೊಂದಿದೆ. ಅದರಲ್ಲಿ ಇರುವುದು ಆರೇ ಅಂಶಗಳು: ಹೊಟ್ಟೆ, ಎದೆ ಅಥವಾ ದೊಡ್ಡ ರಕ್ತನಾಳಗಳ ದೊಡ್ಡ ಶಸ್ತ್ರಕ್ರಿಯೆಯೇ? ಹೃದಯದ ರಕ್ತನಾಳದ ಕಾಯಿಲೆ ಇದೆಯೇ? ಹೃದಯದ ವೈಫಲ್ಯ ಉಂಟೇ? ಹಿಂದೆ ಪಾರ್ಶ್ವವಾಯು ಬಂದಿತ್ತೇ? ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆಯೇ? ಮೂತ್ರಪಿಂಡದ ಕೆಲಸ ಕುಂದಿದೆಯೇ? ಇವುಗಳಲ್ಲಿ ಎರಡೋ ಮೂರೋ ಕೂಡಿದರೆ ಅಪಾಯ ಬಲಿಯುತ್ತದೆ. ಈ ಆರರಲ್ಲಿ ಹೆಚ್ಚಿನವಕ್ಕೆ ಉತ್ತರ ರೋಗಿಯ ನಾಲಗೆಯಲ್ಲಿದೆ. ದುಬಾರಿ ಯಂತ್ರಗಳಿಗಿಂತ ಮೊದಲು ಸತ್ಯವನ್ನು ನುಡಿಯುವುದು ಅಗತ್ಯ.

ಇದಕ್ಕೆ ವಿರುದ್ಧವಾದ ಅತಿರೇಕವೂ ಒಳ್ಳೆಯದಲ್ಲ. ಕಣ್ಣಿನ ಪೊರೆ ತೆಗೆಸುವಂಥ ಸಣ್ಣ ಶಸ್ತ್ರಕ್ರಿಯೆಯಲ್ಲಿ ಹೃದಯಕ್ಕೆ ಅಪಾಯ ಅತ್ಯಲ್ಪ. ಅದಕ್ಕೂ ಹತ್ತಾರು ಪರೀಕ್ಷೆಗಳನ್ನು ಬಯಸುವುದು ಹಣದ ಅಪವ್ಯಯ. ಇನ್ನು ವೃದ್ಧರು ಜಾರಿ ಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿದುಕೊಂಡಾಗ, ಪರೀಕ್ಷೆಗಳ ನೆಪದಲ್ಲಿ ದಿನಗಟ್ಟಲೆ ಹಾಸಿಗೆಯಲ್ಲಿ ಕೆಡವುವುದೇ ಅಪಾಯ. ಹದಿನೇಳು ದೇಶಗಳ ೨,೯೭೦ ಇಂಥ ರೋಗಿಗಳಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗನಿರ್ಣಯವಾದ ಕೆಲವೇ ಗಂಟೆಗಳಲ್ಲಿ ಶಸ್ತ್ರಕ್ರಿಯೆ ನಡೆಸಿದುದರಿಂದ ಮರಣವು ಗಣನೀಯವಾಗಿ ಇಳಿಯದಿದ್ದರೂ ಬುದ್ಧಿಭ್ರಮಣೆ ಕಡಿಮೆಯಾಯಿತು, ರೋಗಿಗಳು ಬೇಗ ಎದ್ದು ನಡೆದರು. ಎಲ್ಲಿ ತಡೆಯಬೇಕು, ಎಲ್ಲಿ ತ್ವರೆಮಾಡಬೇಕು ಎಂಬ ವಿವೇಚನೆಯನ್ನು ಅರಿವಳಿಕೆ ತಜ್ಞರಿಗೂ ಶಸ್ತ್ರವೈದ್ಯರಿಗೂ ಬಿಟ್ಟು, ಅವರಿಗೆ ಬೇಕಾದ ಸಂಗತಿಗಳನ್ನು ಬಿಚ್ಚಿ ಹೇಳುವುದು ನಮ್ಮ ಪಾಲಿನ ಕೆಲಸ.

ಆಕ್ಷೇಪಣೆಗಳಿಗೆ ಸಮಾಧಾನ

ಟ್ರೊಪೊನಿನ್ ಪರೀಕ್ಷೆಯನ್ನು ಎಲ್ಲ ಅಪಾಯವಂತರಿಗೂ ಮಾಡಿಸಬೇಕೆಂಬ ವಿಷಯದಲ್ಲಿ ಪಂಡಿತರಲ್ಲಿಯೇ ಏಕಾಭಿಪ್ರಾಯವಿಲ್ಲವೆಂಬುದನ್ನು ಮುಚ್ಚಿಡಬಾರದು. ಕೆನಡಾದ ಹೃದ್ರೋಗ ತಜ್ಞರ ಸಂಘವು ೨೦೧೭ರಲ್ಲಿಯೂ ಯೂರೋಪಿನ ಸಂಘವು ೨೦೨೨ರಲ್ಲಿಯೂ ಇದನ್ನು ಬಲವಾಗಿ ಶಿಫಾರಸು ಮಾಡಿದವು. ೨೦೨೪ರ ಅಮೆರಿಕದ ಮಾರ್ಗಸೂಚಿಯು “ಮಾಡಿಸಬಹುದು” ಎಂಬಷ್ಟಕ್ಕೆ ನಿಂತಿತು. ಹಾನಿಯೆಂದು ತಿಳಿದ ಮೇಲೆ ನಿಶ್ಚಿತ ಫಲ ಕೊಡುವ ಚಿಕಿತ್ಸೆ ಯಾವುದು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯದಿರುವುದೇ ಈ ಹಿಂಜರಿಕೆಗೆ ಕಾರಣ.

ನಮ್ಮ ಅಭಿಪ್ರಾಯದಲ್ಲಿ ಆ ಹಿಂಜರಿಕೆ ನಮ್ಮಂಥ ಊರಿಗೆ ಹೆಚ್ಚು ಅನ್ವಯಿಸದು. ಹಾನಿಯಾಗಿದೆಯೆಂದು ತಿಳಿದ ರೋಗಿಯನ್ನು ವೈದ್ಯರು ಮತ್ತೆ ನೋಡುತ್ತಾರೆ. ರಕ್ತದ ಸತ್ತ್ವ ಕಡಿಮೆಯಾಗಿದೆಯೇ, ಒತ್ತಡ ಇಳಿದಿದೆಯೇ, ನಂಜು ಏರಿದೆಯೇ ಎಂದು ಹುಡುಕುತ್ತಾರೆ. ಆಸ್ಪಿರಿನ್, ಸ್ಟ್ಯಾಟಿನ್ ಮೊದಲಾದವುಗಳ ಅಗತ್ಯವನ್ನು ಪರಿಶೀಲಿಸುತ್ತಾರೆ. ಮನೆಗೆ ಕಳಿಸಲು ಅವಸರಪಡುವುದಿಲ್ಲ. ತಜ್ಞರು ಹೇರಳವಾಗಿರುವ ದೊಡ್ಡ ನಗರದಲ್ಲಿ ಈ ಎಚ್ಚರ ಪರೀಕ್ಷೆಯಿಲ್ಲದೆಯೂ ಇರಬಹುದು. ಒಬ್ಬ ದಾದಿ ರಾತ್ರಿಯೆಲ್ಲ ಹತ್ತಾರು ಹಾಸಿಗೆಗಳನ್ನು ನೋಡಬೇಕಾದಲ್ಲಿ, ಯಾರ ಕಡೆಗೆ ಮೊದಲು ಓಡಬೇಕು ಎಂಬುದನ್ನು ಹೇಳುವ ಒಂದು ರಕ್ತಪರೀಕ್ಷೆ ದುಬಾರಿಯಲ್ಲ.

ಎರಡನೆಯ ಆಕ್ಷೇಪಣೆಯೆಂದರೆ, ಇಂಥ ವಿಷಯಗಳನ್ನು ಸಾರ್ವಜನಿಕವಾಗಿ ಬರೆದರೆ ಜನ ಶಸ್ತ್ರಕ್ರಿಯೆಗೆ ಅಂಜಿ ಹಿಂಜರಿಯುತ್ತಾರೆಂಬುದು. ನೂರರಲ್ಲಿ ತೊಂಬತ್ತೆಂಟು ಮಂದಿ ಮೂವತ್ತನೆಯ ದಿನವನ್ನು ಕಾಣುತ್ತಾರೆ ಎಂಬುದೂ ಅದೇ ಅಂಕಿ ಅಂಶಗಳಿಂದಲೇ ಹೊರಡುವ ಸತ್ಯ. ಬೇಕಾದ ಶಸ್ತ್ರಕ್ರಿಯೆಯನ್ನು ಭಯದಿಂದ ಬಿಟ್ಟು ಕರುಳು ಕೊಳೆಯಿಸಿಕೊಂಡು ಸಾಯುವುದಕ್ಕಿಂತ ಮೌಢ್ಯ ಮತ್ತೊಂದಿಲ್ಲ. ಹೊಳೆಯನ್ನು ದಾಟಬೇಡಿರೆಂದು ನಾವು ಹೇಳುತ್ತಿಲ್ಲ; ಆಚೆಯ ದಡದಲ್ಲಿ ಕೆಸರು ಇದೆ, ಅಲ್ಲಿಯೂ ಕೈಹಿಡಿಯುವವರಿರಲಿ ಎಂದಷ್ಟೇ ಹೇಳುತ್ತಿದ್ದೇವೆ.

ಮನೆಗೆ ಬಂದ ಮೇಲೆ

ಬಿಡುಗಡೆಯ ಚೀಟಿ ಕೈಗೆ ಬಂದೊಡನೆ ಸಿರುಗುಪ್ಪದ ಕಡೆಯ ರೋಗಿ ಬಳ್ಳಾರಿಯ ವೈದ್ಯರಿಂದ ಒಂದು ತಾಸಿಗೂ ಹೆಚ್ಚಿನ ಹಾದಿಯಷ್ಟು ದೂರವಾಗುತ್ತಾನೆ. ಅಲ್ಲಿಂದ ಮುಂದಿನ ಮೂರು ವಾರಗಳ ಕಾವಲು ಮನೆಯವರದೇ. ಆಗ ನೆನಪಿನಲ್ಲಿಡಬೇಕಾದವು ಕೆಲವೇ ಸಂಗತಿಗಳು. ವೈದ್ಯರು ಅನುಮತಿಸಿದ ಕೂಡಲೆ ರೋಗಿಯನ್ನು ಎಬ್ಬಿಸಿ ನಡೆಸಬೇಕು. “ಹಸಿ ಮೈ, ಅಲುಗಾಡಬಾರದು” ಎಂದು ಮಲಗಿಸಿಯೇ ಇಡುವುದರಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹಾರುವ ಭಯವಿದೆ. ಹೊಸ ಆಯಾಸ, ಮೇಲುಸಿರು, ಎದೆ ಅಥವಾ ದವಡೆಯ ಬಿಗಿತ, ಬೆವರು, ಕಾರಣವಿಲ್ಲದ ಗೊಂದಲದ ಮಾತು ಕಂಡರೆ ಅದನ್ನು ಶಸ್ತ್ರಕ್ರಿಯೆಯ ನಿಶ್ಶಕ್ತಿಯೆಂದು ತಳ್ಳಿಹಾಕಬಾರದು. ಮುಖ ಸೊಟ್ಟಾದರೆ, ಎತ್ತಿದ ತೋಳು ಕೆಳಕ್ಕೆ ಬಿದ್ದರೆ, ಮಾತು ತೊದಲಿದರೆ ೧೦೮ಕ್ಕೆ ಕರೆಮಾಡಿ, ಗಡಿಯಾರವನ್ನು ನೋಡಿ ಹೊತ್ತನ್ನು ಬರೆದಿಟ್ಟುಕೊಂಡು ಹೊರಡಬೇಕು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕಾಗಿದೆ. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜಕುಮಾರ್ ಅವರ ಅಕಾಲ ಮರಣದಿಂದ ನಾಡು ತತ್ತರಿಸಿದ ಬಳಿಕ, ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಹೃದಯಜ್ಯೋತಿ ಎಂಬ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಸ್ತುತ್ಯ ಯೋಜನೆಯದು. ಆದರೆ ಈಚೆಗೆ ದೊಡ್ಡ ಶಸ್ತ್ರಕ್ರಿಯೆಯಾದವನಿಗೆ ಆ ಚುಚ್ಚುಮದ್ದು ಕೊಟ್ಟರೆ ಹಸಿ ಗಾಯದಿಂದ ರಕ್ತ ಹರಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆಗಳೊಳಗೆ ಕೊಡುವ ಚುಚ್ಚುಮದ್ದಿನ ವಿಷಯವೂ ಹೀಗೆಯೇ. ಅಂಥ ರೋಗಿಗಳಿಗೆ ತಂತಿಯ ಮೂಲಕ ನಾಳವನ್ನು ತೆರೆಯುವ ಅನುಕೂಲವುಳ್ಳ ದೊಡ್ಡ ಆಸ್ಪತ್ರೆಯೇ ಗತಿ. ಆದಕಾರಣ ರೋಗಿಯನ್ನು ಕರೆದೊಯ್ದವರು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿಯೇ “ಇಂಥ ದಿನ ಇಂಥ ಆಪರೇಷನ್ ಆಗಿದೆ” ಎಂದು ಮೊದಲ ಮಾತಾಗಿ ಹೇಳಬೇಕು. ಬಿಡುಗಡೆಯ ಚೀಟಿಯನ್ನು ತೋರಿಸಬೇಕು. ಆ ಒಂದು ಮಾತಿನ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ದಾನಿಗಳಲ್ಲಿ, ಶಿಕ್ಷಕರಲ್ಲಿ ಒಂದು ವಿಜ್ಞಾಪನೆ

ಈ ಸಂಚಿಕೆಯ ವಾಚಕರಲ್ಲಿ ಅನೇಕರು ಶಾಲೆಗೂ ಪ್ರಸಾದನಿಲಯಕ್ಕೂ ಕೈಯೆತ್ತಿ ಕೊಟ್ಟವರು. ಆಸ್ಪತ್ರೆಗಳಿಗೆ ಕೊಡುವಾಗ ನಮ್ಮ ದಾನಿಗಳ ಒಲವು ಕಟ್ಟಡದ ಕಡೆಗೂ ಯಂತ್ರಗಳ ಕಡೆಗೂ ಇರುತ್ತದೆ. ಕಲ್ಲಿನ ಮೇಲೆ ಹೆಸರು ನಿಲ್ಲುವುದರಿಂದ ಅದು ಸ್ವಾಭಾವಿಕ, ಅದನ್ನು ನಿಂದಿಸಲಾಗದು. ಆದರೆ ಮೇಲೆ ಹೇಳಿದ ಅಂಕಿಗಳು ನಮಗೆ ತೋರಿಸುವುದೇನೆಂದರೆ, ಮೇಜಿನ ಮೇಲೆ ತೀರಿಕೊಂಡವರು ೭೧೫ರಲ್ಲಿ ಐವರು ಮಾತ್ರ. ಉಳಿದ ೭೧೦ ಮಂದಿಯ ಬಳಿ ಬೇಕಾಗಿದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಎಚ್ಚತ್ತ ಕಣ್ಣು. ರಾತ್ರಿಯ ಪಾಳಿಗೆ ಇನ್ನೊಬ್ಬ ದಾದಿಯ ಸಂಬಳ, ಅರವತ್ತೈದು ದಾಟಿದ ಬಡ ರೋಗಿಗೆ ಶಸ್ತ್ರಕ್ರಿಯೆಯ ತರುವಾಯದ ಎರಡು ಮೂರು ದಿನಗಳ ರಕ್ತಪರೀಕ್ಷೆಯ ಖರ್ಚು, ಹಳ್ಳಿಗೆ ಮರಳುವ ಮುನ್ನ ನಾಲ್ಕು ದಿನ ಊರಲ್ಲಿಯೇ ತಂಗಲು ಒಂದು ಕೊಠಡಿ ಮತ್ತು ಊಟ, ಇವುಗಳ ಮೇಲೆ ಕಲ್ಲು ನೆಡಿಸಲಾಗದು. ಆದರೆ ದಾಸೋಹವೆಂಬ ಮಾತಿಗೆ ಇವು ಅತ್ಯಂತ ಸಮೀಪವಾದ ಕಾರ್ಯಗಳು.

ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಔಷಧ ವ್ಯಾಪಾರಿಗಳೂ ಇರುವುದು ನಮ್ಮ ಭಾಗ್ಯ. ಊರಿನ ವೃದ್ಧರೊಬ್ಬರಿಗೆ ಶಸ್ತ್ರಕ್ರಿಯೆಯಾದಾಗ ಮೂವತ್ತು ದಿನಗಳ ಕಾಲ ವಾರಕ್ಕೆರಡು ಬಾರಿ ದೂರವಾಣಿಯಲ್ಲಿ “ಹೇಗಿದ್ದೀರಿ, ನಡೆಯುತ್ತಿದ್ದೀರಾ, ಮಾತ್ರೆ ತೆಗೆದುಕೊಂಡಿರಾ?” ಎಂದು ವಿಚಾರಿಸುವ ಒಂದು ಸಣ್ಣ ಮಂಡಳಿಯನ್ನು ಅವರು ರಚಿಸಿಕೊಂಡರೆ ಹಣದ ಖರ್ಚೇ ಇಲ್ಲದೆ ದೊಡ್ಡ ಉಪಕಾರವಾಗುತ್ತದೆ. ಶಿಕ್ಷಕರು ವರ್ಷಕ್ಕೊಂದು ಪಾಠದ ಅವಧಿಯನ್ನು ಹೃದಯಾಘಾತ ಮತ್ತು ಪಾರ್ಶ್ವವಾಯುಗಳ ಲಕ್ಷಣಗಳಿಗಾಗಿ ಮೀಸಲಿಡಬಹುದು. ಮಕ್ಕಳು ಕಲಿತದ್ದನ್ನು ಮನೆಯಲ್ಲಿ ಅಜ್ಜಿಗೆ ಹೇಳುತ್ತಾರೆ; ಅಜ್ಜನ ಮುಖ ಸೊಟ್ಟಾದುದನ್ನು ಮೊದಲು ಗುರುತಿಸುವವರೂ ಅನೇಕ ವೇಳೆ ಮಕ್ಕಳೇ.

ಕೊನೆಯದಾಗಿ, ಆಸ್ಪತ್ರೆಗಳನ್ನು ನಡೆಸುವ ಮಹನೀಯರಲ್ಲಿಯೂ ಒಂದು ಅರಿಕೆ. ಇಷ್ಟು ಶಸ್ತ್ರಕ್ರಿಯೆಗಳು ಯಶಸ್ವಿಯಾದವೆಂದು ವಾರ್ಷಿಕ ವರದಿಗಳಲ್ಲಿ ಬರೆಯುವಾಗ, ಮೂವತ್ತನೆಯ ದಿನ ಎಷ್ಟು ಮಂದಿ ತಮ್ಮ ಮನೆಯಂಗಳದಲ್ಲಿ ನಡೆದಾಡುತ್ತಿದ್ದರು ಎಂಬುದನ್ನೂ ಕೇಳಿ ತಿಳಿದು ಬರೆಯಲಿ. ಆ ಲೆಕ್ಕವನ್ನು ಇಡಲು ಆರಂಭಿಸಿದ ದಿನದಿಂದಲೇ ಆ ಸಂಖ್ಯೆ ಉತ್ತಮಗೊಳ್ಳುತ್ತ ಹೋಗುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.